ನಮ್ಮತ್ತೆ ಬೆಲ್ಲ ಕದ್ದಿರಲಿಲ್ಲ

ನಾನು ಸುಳ್ಳು ಬರೆದೆ. ಒಂದು ದಿನವಲ್ಲ, ಹದಿನೇಳು ದಿನ — ಬೆಳಿಗ್ಗೆ ಒಂದು, ಸಂಜೆ ಒಂದು. ಆ ಸುಳ್ಳಿನಿಂದ ನಮ್ಮತ್ತೆಯ ಕಾಲು ಹೋಯಿತು. ಅದಕ್ಕಿಂತ ದೊಡ್ಡ ಪಾಪವನ್ನು ಆಮೇಲೆ ಮಾಡಿದೆ. ಅದನ್ನೂ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆ. ನಮ್ಮ ಮನೆಯವರು ಆಗ ದೇವದುರ್ಗದಲ್ಲಿ ಮಾಸ್ತರರು. ಅತ್ತೆಗೆ ಸಕ್ಕರೆ ಕಾಯಿಲೆ, ಕಾಲು ಜೋಮು. ಬೇಸಿಗೆಯಲ್ಲಿ ಗುಡಿಯ ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿದ್ದರು. ಅಂಗಾಲಿಗೆ ಬೊಬ್ಬೆ ಎದ್ದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಅದು ಒಡೆದು ಕೀವಾಯಿತು. ಡಾಕ್ಟರು ಪೆನಿಸಿಲಿನ್ ಸೂಜಿ ಶುರು ಮಾಡಿದರು, ಇನ್ಸುಲಿನ್ನೂ. ನನ್ನ ಕೈಗೆ ಒಂದು ಗಾಜಿನ ನಳಿಕೆ, ನೀಲಿ ದ್ರಾವಣದ ಬಾಟಲಿ ಕೊಟ್ಟರು.

"ದಿನಾ ಎರಡು ಹೊತ್ತು ಇದರಾಗ ಎಂಟು ಹನಿ ಮೂತ್ರ ಹಾಕಿ ಕುದಿಸ್ರಿ. ನೀಲಿ ಉಳಿದ್ರ ಸಕ್ಕರಿ ಇಲ್ಲ, ಇಟ್ಟಂಗಿ ಕೆಂಪಾದ್ರ ಭಾಳ ಅದ. ಈ ಪುಸ್ತಕದಾಗ ನೀವು ಬಣ್ಣ ಬರದದ್ದು ನೋಡೇ ನಾ ಇನ್ಸುಲಿನ್ ಹೇಳಾಂವ. ಸಕ್ಕರಿ ಇಳೀಲಿಲ್ಲಂದ್ರ ಎಂಥಾ ಪೆನಿಸಿಲಿನ್ನೂ ನಾಟಂಗಿಲ್ಲ, ನೆನಪಿಡ್ರಿ."

ನೆನಪಿತ್ತು. ನಾಲ್ಕು ದಿನ ಮಾಡಿದೆ. ಕಿತ್ತಳೆ ಬಂತು, ಹಳದಿ ಬಂತು, ಆಮೇಲೆ ಹಸಿರು. ಆದರೆ ನಮ್ಮದು ಮಡಿಯ ಮನೆ — ಅದನ್ನು ಮುಟ್ಟಿದ ಮೇಲೆ ಮತ್ತೆ ಸ್ನಾನ ಮಾಡದೆ ಒಲೆ ಮುಟ್ಟುವಂತಿಲ್ಲ. ದಿನಕ್ಕೆ ಮೂರು ಸಲ ಬಾವಿಯ ನೀರು ಸೇದಿ ಸೇದಿ — ಇಲ್ಲ, ನೀರಿನ ಮಾತು ಬರೀ ನೆಪ. ನನಗೆ ಹೇಸಿಕೆ. ಐದನೆಯ ಬೆಳಿಗ್ಗೆ ಅತ್ತೆ ಮುಖ ತಗ್ಗಿಸಿ ಮೂತ್ರದ ಶೀಸೆ ಕೊಡುತ್ತ, "ನಿನಗ ಇಂಥಾ ಕೆಲಸ ಹಚ್ಚೀನಲ್ಲ, ನಮ್ಮವ್ವಾ" ಎಂದರು. "ಇರ್ಲಿ ಬಿಡ್ರಿ ಅತ್ಯಾ" ಎಂದೆ. ಬಚ್ಚಲಿಗೆ ಚೆಲ್ಲಿದೆ. ಪುಸ್ತಕದಲ್ಲಿ "ನೀಲಿ" ಎಂದು ಬರೆದೆ. ನಿನ್ನೆ ಹಸಿರಿತ್ತಲ್ಲ, ಇವತ್ತು ನೀಲಿಯೇ ಇರುತ್ತದೆ ಎಂದುಕೊಂಡೆ.

ನೀಲಿ ನೋಡಿ ಡಾಕ್ಟರು ಇನ್ಸುಲಿನ್ ಇಳಿಸಿದರು. ಗಾಯ ಹಿಗ್ಗುತ್ತ ಹೋಯಿತು. ಪೆನಿಸಿಲಿನ್ ನಾಟುತ್ತಿಲ್ಲವೆಂದು ಬೇರೆ ಸೂಜಿ, ಅದೂ ಸಾಲದೆಂದು ಕ್ಯಾಪ್ಸೂಲು. "ಸಕ್ಕರಿ ಹತೋಟಿಯೊಳಗದ, ಮತ್ಯಾಕ ಗಾಯ ಮಾಯವಲ್ದು?" ಎಂದು ಅವರು ನನ್ನ ಪುಸ್ತಕ ತಿರುವಿ ಹಾಕಿದಾಗಲೂ ನಾನು ಬಾಯಿ ಬಿಡಲಿಲ್ಲ. ಹೆಬ್ಬೆರಳು ಕಪ್ಪಾದ ದಿನ ರಾಯಚೂರಿಗೆ ಒಯ್ದೆವು.

ಅಲ್ಲಿನ ಆಸ್ಪತ್ರೆಯಲ್ಲಿ ನರ್ಸಮ್ಮ ನನ್ನ ಕಣ್ಣೆದುರೇ ನಳಿಕೆ ಕುದಿಸಿದಳು. ಹಸಿರಾಯಿತು, ಹಳದಿಯಾಯಿತು — ನಿಲ್ಲಲಿಲ್ಲ — ಇಟ್ಟಂಗಿ ಕೆಂಪು. ಅಯ್ಯೋ ದೇವರೇ! ಇಷ್ಟು ಕೆಂಪಿದ್ದೀತೆಂದು ನಾನು ಕನಸಿನಲ್ಲೂ...

ದೊಡ್ಡ ಡಾಕ್ಟರು ನನ್ನ ಪುಸ್ತಕ ನೋಡಿದರು, ನಳಿಕೆ ನೋಡಿದರು, ಅತ್ತೆಯನ್ನು ಗದರಿದರು. "ನಿನ್ನೀತನಕ ನೀಲಿ ಇದ್ದದ್ದು ಒಮ್ಮೆಲೇ ಹಿಂಗ ಹ್ಯಾಂಗ ಆಗ್ತದ? ಕದ್ದು ಏನ್ ತಿಂದೀರಿ? ಖರೆ ಹೇಳ್ರಿ."

"ಏನೂ ಇಲ್ರೀ ಯಪ್ಪಾ, ರಾಯರ ಆಣಿ."

"ಬೆಲ್ಲಂದ್ರ ಆಕಿಗಿ ಜೀವಾರೀ. ತಿಂದಿರ್ತಾಳ" ಎಂದರು ನಮ್ಮ ಮನೆಯವರು.

ಅತ್ತೆ ನನ್ನತ್ತ ತಿರುಗಿದರು. "ನೀನರ ಹೇಳವ್ವಾ. ನಾ ತಿಂದೀನೇನು?"

ನಾನು ಹೇಳಿದೆ: "ಇಡೀ ದಿನ ನಿಮ್ಮ ಬೆನ್ನಿಗೇ ಇರ್ತೀನೇನ್ರೀ ಅತ್ಯಾ?"

ಮರುದಿನ ಮೊಣಕಾಲ ಕೆಳಗೆ ಕಾಲು ತೆಗೆದರು. ಮನೆಗೆ ಬಂದ ಮೇಲೆ ಬೆಲ್ಲದ ಡಬ್ಬಿಗೆ ಬೀಗ ಬಿತ್ತು. ಕೀಲಿಕೈ ನನ್ನ ವಶಕ್ಕೆ. ಆರು ವರ್ಷ ಅದನ್ನು ಸೆರಗಿಗೆ ಕಟ್ಟಿಕೊಂಡು ತಿರುಗಿದೆ! ಮಕ್ಕಳು ಅವರನ್ನು "ಬೆಲ್ಲದಜ್ಜಿ" ಎಂದು ಕಾಡುತ್ತಿದ್ದರು. ಮೊದಮೊದಲು ಅತ್ತೆ "ನಾ ತಿಂದಿಲ್ಲ" ಎನ್ನುತ್ತಿದ್ದರು. ಆಮೇಲೆ ಸುಮ್ಮನಾದರು. ಕೊನೆಯ ವರ್ಷ ಒಂದು ಮಧ್ಯಾಹ್ನ ನನ್ನನ್ನೇ ಕೇಳಿದರು — "ಮರೆವಿನಾಗ ತಿಂದಿರಬೇಕೇನ, ನಮ್ಮವ್ವಾ?"

ಆಗಲೂ ನಾನು ಹೇಳಲಿಲ್ಲ. "ಹೋಗ್ಲಿ ಬಿಡ್ರಿ" ಎಂದೆ.

ಅವರು ಹೋಗಿ ಎಷ್ಟೋ ವರ್ಷವಾಯಿತು. ಪ್ರತಿ ತಿಥಿಯ ಊಟಕ್ಕೂ ನಮ್ಮ ಮನೆಯವರು, "ಅವ್ವನ ಹೆಸರಿಲೆ ಇನ್ನೊಂದ್ ಸೌಟು ಬೆಲ್ಲದ ಪಾಯಸ ಬಡಸ್ರಿ" ಎನ್ನುತ್ತಾರೆ. ಎಲ್ಲರೂ ನಗುತ್ತಾರೆ. ನಾನೂ ನಕ್ಕಿದ್ದೇನೆ. ಬರುವ ತಿಂಗಳು ಮತ್ತೆ ತಿಥಿ. ಅವರು ಆ ಮಾತು ಎತ್ತಿದ ಕೂಡಲೇ ಸೌಟು ಕೆಳಗಿಟ್ಟು, ಮಕ್ಕಳು ಮೊಮ್ಮಕ್ಕಳ ಎದುರು ಹೇಳುತ್ತೇನೆ. ಅತ್ತೆ ತಿಂದಿರಲಿಲ್ಲ. ನಾನು ಕುದಿಸಿರಲಿಲ್ಲ.