ರೇಡಿಯೋ ಮತ್ತು ಮಹಡಿಯ ಮೇಷ್ಟ್ರು

ಬಸ್ಸಿನಲ್ಲಿ ಡ್ರೈವರ್ ಸೀಟಿನ ಹಿಂದೆ ‘ಚಾಲಕನೊಂದಿಗೆ ಮಾತನಾಡಬೇಡಿ’ ಎಂಬ ಬೋರ್ಡು ಇತ್ತು. ಅದು ಪ್ರಯಾಣಿಕರಿಗೆ ಹೇಳಿದ್ದೇ ಹೊರತು ಬಸ್ಸು ಓಡಿಸುವ ತನಗಲ್ಲ ಎಂಬುದು ಅವನ ವಾದ. ಹಾಗಾಗಿ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಅವನ ಬಾಯಿಗೆ ಬಿಡುವೇ ಇರಲಿಲ್ಲ. ಪ್ರತಿ ನಿಲ್ದಾಣದ ಹೆಸರನ್ನು ಕೂಗಿ ಹೇಳುವುದಲ್ಲದೆ, ಅಲ್ಲಿ ಯಾರ ಮನೆಯಲ್ಲಿ ಮದುವೆ, ಯಾವ ಅಂಗಡಿಯಲ್ಲಿ ಚಪ್ಪಲಿ ಬಾಳಿಕೆ ಬರುತ್ತದೆ ಎಂಬುದನ್ನೂ ಸೇರಿಸುತ್ತಿದ್ದ. ಡಿಪೋದಲ್ಲಿ ಅವನಿಗೆ ‘ರೇಡಿಯೋ’ ಎಂದು ಹೆಸರು ಬಿದ್ದಿತ್ತು. ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ನಿವೃತ್ತಿಯಾದ ಎರಡನೇ ವರ್ಷ, ಬೆಳಗ್ಗೆ ಕ್ಷೌರ ಮಾಡಿಕೊಳ್ಳುತ್ತಿದ್ದಾಗ ರೇಜರ್ ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವನು ಅಲ್ಲೇ ಕುಸಿದ. ಲಕ್ವ ಎಂದರು ಡಾಕ್ಟರು. ಕಾಲು ಬೇಗ ಚೇತರಿಸಿಕೊಂಡಿತು, ಬಲಗೈ ಅರೆಬರೆ ಬಂತು. ಮಾತು ಮಾತ್ರ ಚೆಲ್ಲಾಪಿಲ್ಲಿಯಾಗಿ ಹೋಗಿತ್ತು. ತಲೆಯೊಳಗೆ ಎಲ್ಲವೂ ಸರಿಯಾಗಿಯೇ ಇತ್ತು. ನಾಲಿಗೆಗೆ ಬರುವಷ್ಟರಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುತ್ತಿತ್ತು. ಚಮಚ ಬೇಕಾದಾಗ “ಬಾಗಿಲು ಕೊಡು” ಎನ್ನುತ್ತಿದ್ದ. ತಪ್ಪು ಎಂದು ಅವನಿಗೇ ಗೊತ್ತಾಗುತ್ತಿತ್ತು. ಗೊತ್ತಾಗದಿದ್ದರೆ ಎಷ್ಟೋ ವಾಸಿಯಿತ್ತು.

ಮಾತು ಕಲಿಸಲು ಮನೆಗೆ ಬರುತ್ತಿದ್ದ ಆಸ್ಪತ್ರೆಯ ಹೆಂಗಸು, “ಆಡಿದಷ್ಟೂ ಬರುತ್ತೆ, ಸುಮ್ಮನೆ ಮಾತ್ರ ಕೂರಬೇಡಿ” ಎಂದು ಹೇಳಿ ಹೇಳಿ ಸೋತಳು. ಅವನು ಬಾಯಿಗೆ ಬೀಗ ಹಾಕಿಕೊಂಡ. ನೋಡಲು ಬಂದ ಹಳೆಯ ಸಹೋದ್ಯೋಗಿಗಳು ಅರ್ಧ ಗಂಟೆ ತಾವೇ ಮಾತಾಡಿ, ಹೋಗುವಾಗ ಕಿವುಡನಿಗೆ ಹೇಳುವಂತೆ ಗಟ್ಟಿಯಾಗಿ “ಬರ್ತೀವಿ” ಎಂದು ಹೊರಡುತ್ತಿದ್ದರು. ಆಮೇಲೆ ಯಾರಾದರೂ ಬಂದರೆ ಅವನು ಒಳಗಿನ ಕೋಣೆಗೆ ಹೋಗಿ ಮಲಗಿಬಿಡುತ್ತಿದ್ದ. ಮಗಳು ಭಾನುವಾರ ಬಂದರೆ ಅವನು “ಆ...” ಎನ್ನುವುದರೊಳಗೆ, “ಆಸ್ಪತ್ರೆನಾ ಅಪ್ಪಾ? ಆರೋಗ್ಯನಾ? ಆಯಾಸನಾ?” ಎಂದು ಪದಗಳನ್ನು ಮುಂದೆ ಸುರಿಯುತ್ತಿದ್ದಳು. ಪ್ರೀತಿಯಿಂದಲೇ. ಅವನು ಯಾವುದೋ ಒಂದಕ್ಕೆ ತಲೆಯಾಡಿಸಿ ಮಾತು ಮುಗಿಸುತ್ತಿದ್ದ. ಅವನು ಹೇಳಬೇಕೆಂದಿದ್ದುದು ‘ಆಮೇಲೆ ಊಟಕ್ಕೆ ಕೂತ್ಕೋ’ ಎಂದಷ್ಟೇ ಆಗಿರುತ್ತಿತ್ತು.

ಮನೆ ಮೌನವಾದದ್ದನ್ನು ಅವನ ಹೆಂಡತಿ ಒಂದು ವರ್ಷ ತಾಳಿಕೊಂಡಳು. ಆ ಊರಿನವರ ಮಾತು ಇಂಗ್ಲಿಷ್; ಮೂರು ನಿಲ್ದಾಣ ಆಚೆ ಅದನ್ನು ಕಲಿಸುವ ಕಾಲೇಜು ಇತ್ತು. ಬೇರೆ ಬೇರೆ ದೇಶಗಳಿಂದ ಬಂದವರು ಅಲ್ಲಿ ಓದುತ್ತಿದ್ದರು. ಅವರಿಗೆ ಊರಿನವರ ಮನೆಗಳಲ್ಲಿ ಕೋಣೆ ಬೇಕಾಗುತ್ತಿತ್ತು. ಅವಳು ಹೋಗಿ, ಮಗಳು ಇದ್ದ ಮಹಡಿಯ ಕೋಣೆ ಖಾಲಿಯಿದೆ ಎಂದು ಹೇಳಿ ಬಂದಳು.

“ಯಾರನ್ನಾದ್ರೂ ಕಳಿಸ್ತಾರಂತೆ ರೀ,” ಎಂದಳು ಗಂಡನಿಗೆ.

ಅವನು ಬೇಡವೆಂದು ತಲೆಯಾಡಿಸಿದ.

“ಬೇಡ ಅನ್ನೋದಾದ್ರೆ ಬಾಯಿಬಿಟ್ಟು ಹೇಳಿ. ತಲೆ ಆಡಿಸಿದ್ದು ನನಗೆ ಕೇಳಿಸಲ್ಲ.”

ಮುಂದಿನ ವಾರ ಮಹಡಿಗೆ ಗಣಿತದ ಮೇಷ್ಟ್ರು ಬಂದರು.

ಮೇಷ್ಟ್ರಿಗೆ ನಲವತ್ತರ ಹತ್ತಿರದ ವಯಸ್ಸು. ತಮ್ಮ ದೇಶದಲ್ಲಿ ದೊಡ್ಡ ಶಾಲೆಯಲ್ಲಿ ಪಾಠ ಹೇಳಿದವರು. ಇಲ್ಲಿ ಇನ್ನೂ ಮೇಲಿನ ಓದಿಗೆ ಸೇರಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಬರೆಯುವುದರಲ್ಲಿ ತೊಂದರೆಯಿಲ್ಲ, ಮಾತಿನಲ್ಲಿ ಮಾತ್ರ ಎಡವುತ್ತಿದ್ದರು. ಇನ್ನೂ ಮೀಸೆ ಮೂಡದ ಹುಡುಗರ ಪಕ್ಕದ ಬೆಂಚಿನಲ್ಲಿ ಕೂತು ‘ಇದು ಏನು? ಇದು ಪೆನ್ಸಿಲ್’ ಎನ್ನುವಾಗ ಅವರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದರು. ಬಂದ ಮೊದಲ ಕೆಲವು ದಿನ ಊಟದ ಮೇಜಿನ ಮುಂದೆ ಇಬ್ಬರು ಗಂಡಸರೂ ತಟ್ಟೆ ನೋಡಿಕೊಂಡು ಉಂಡರು. “ಒಬ್ಬ ಮೂಗ ಸಾಲದು ಅಂತ ಇನ್ನೊಬ್ಬನ್ನ ಕರ್ಕೊಂಡು ಬಂದ ಹಾಗಾಯ್ತು,” ಎಂದು ಹೆಂಡತಿ ಮಗಳ ಹತ್ತಿರ ಫೋನಿನಲ್ಲಿ ಹೇಳಿಕೊಂಡಳು.

ಕಾಲೇಜಿನಲ್ಲಿ ಒಂದು ಕಟ್ಟಳೆಯಿತ್ತು. ದಿನಕ್ಕೊಂದು ಸುದ್ದಿಯನ್ನಾದರೂ ಮನೆಯವರಿಗೆ ಹೇಳಬೇಕು. ಮೇಷ್ಟ್ರು ನಿಯಮ ಮೀರುವವರಲ್ಲ. ಒಂದು ಸಂಜೆ ಗಂಟಲು ಸರಿಮಾಡಿಕೊಂಡು, ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು, ಗಂಭೀರವಾಗಿ ಶುರು ಮಾಡಿದರು.

“ಯಜಮಾನ್ರೇ, ಇವತ್ತು ಮಧ್ಯಾಹ್ನ ಕಾಲೇಜಲ್ಲಿ ನಾನು ಟೀಚರನ್ನ ತಿಂದೆ. ತುಂಬಾ ರುಚಿ ಇತ್ತು.”

ರೇಡಿಯೋನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಭುಜ ಕುಣಿದು, ಕಣ್ಣಲ್ಲಿ ನೀರು ಬರುವವರೆಗೆ ನಗು ಬಂತು. ಮೇಷ್ಟ್ರು ಕಕ್ಕಾಬಿಕ್ಕಿಯಾದರು. ಅವರ ಮುಖ ನೋಡಿ ಪಾಪ ಎನಿಸಿ ಅವನು ಕೈಯೆತ್ತಿದ.

“ಜೊತೆ,” ಎಂದ. “ಟೀಚರ್... ಜೊತೆ.”

ಒಲೆಯ ಹತ್ತಿರ ನಿಂತಿದ್ದ ಹೆಂಡತಿ ತಿರುಗಿ ನೋಡಲಿಲ್ಲ. ನೋಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಹೆದರಿ ಪಾತ್ರೆಯನ್ನು ಸುಮ್ಮನೆ ತಿರುವುತ್ತಲೇ ಇದ್ದಳು.

ಅಂದಿನಿಂದ ಊಟವಾದ ಮೇಲೆ ಇಬ್ಬರೂ ಮೇಜಿನ ಮುಂದೆ ಕೂರತೊಡಗಿದರು. ಅಡುಗೆಮನೆಯ ಸಾಮಾನುಗಳೇ ಪಾಠ. ಮೇಷ್ಟ್ರು ಲೋಟ ಎತ್ತಿ ಹಿಡಿಯುತ್ತಿದ್ದರು. ರೇಡಿಯೋ “ಚಾಕು” ಎನ್ನುತ್ತಿದ್ದ, ಹಣೆ ಚಚ್ಚಿಕೊಳ್ಳುತ್ತಿದ್ದ, ಮತ್ತೆ ಹುಡುಕುತ್ತಿದ್ದ. ಮೇಷ್ಟ್ರು ಕಾಯುತ್ತಿದ್ದರು. ಅವನ ಬಾಯಿಂದ ಪದ ಬರುವ ಮುಂಚೆ ತಾವೇ ಹೇಳಿಬಿಡದಿದ್ದ ಮೊದಲ ಮನುಷ್ಯ ಅವರು. ಅದರಲ್ಲಿ ದೊಡ್ಡ ಗುಣವೇನೂ ಇರಲಿಲ್ಲ. ಎಷ್ಟೋ ಸಲ ಆ ಪದ ಅವರಿಗೂ ಗೊತ್ತಿರುತ್ತಿರಲಿಲ್ಲ. ಕೊನೆಗೆ “ಲೋಟ” ಬಂದಾಗ ಇಬ್ಬರೂ ಕಳೆದುಹೋದ ಕುರಿ ಸಿಕ್ಕವರಂತೆ ಹಿಗ್ಗುತ್ತಿದ್ದರು.

ಒಂದು ಸಂಜೆ ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ತಮ್ಮ ದೇಶದಲ್ಲಿದ್ದ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದುದನ್ನು ರೇಡಿಯೋ ಕೇಳಿಸಿಕೊಂಡ. ಭಾಷೆ ಅರ್ಥವಾಗಲಿಲ್ಲ. ಆದರೆ ಆ ಮಾತಿನ ಓಟವೇ ಬೇರೆ. ಯಾರನ್ನೋ ಅಣಕಿಸಿದರು, ಏನೋ ಕಥೆ ಹೇಳಿ ತಾವೇ ನಕ್ಕರು, ದನಿ ತಗ್ಗಿಸಿ ಏನೋ ಸಮಾಧಾನ ಹೇಳಿದರು. ಇಷ್ಟು ಮಾತುಗಾರ ಮನುಷ್ಯ ದಿನವಿಡೀ ಹೇಗೆ ಬಾಯಿ ಕಟ್ಟಿಕೊಂಡು ಇರುತ್ತಾನೆ ಎಂದುಕೊಂಡ. ತನ್ನ ಪಾಡನ್ನು ಇನ್ನೊಬ್ಬರ ಮೈಯಲ್ಲಿ ಕಂಡಂತಾಗಿ, ಕತ್ತರಿಸಬೇಕಾಗಿದ್ದ ತರಕಾರಿ ಮರೆತು ಬಹಳ ಹೊತ್ತು ಕೂತಿದ್ದ.

ಬುಧವಾರ ಮಧ್ಯಾಹ್ನ ಕಾಲೇಜಿನಲ್ಲಿ ಮಾತುಕತೆಯ ಕೂಟ ನಡೆಯುತ್ತಿತ್ತು. ವಿದ್ಯಾರ್ಥಿಗಳು ಊರಿನವರೊಬ್ಬರನ್ನು ಕರೆದುಕೊಂಡು ಹೋಗಬೇಕು, ಎಲ್ಲರಿಗೂ ಪರಿಚಯಿಸಬೇಕು. ಮೇಷ್ಟ್ರು ಕೇಳಿದಾಗ ರೇಡಿಯೋ ಎದ್ದು ಒಳಗೆ ಹೋದ.

ಹೆಂಡತಿ ಹಿಂದೆಯೇ ಹೋದಳು. “ನಾನು ಹೋಗಬಹುದು ರೀ. ಆದ್ರೆ ಅವರು ಕೇಳಿದ್ದು ನಿಮ್ಮನ್ನ. ಅವರಿಗೆ ಈ ಊರಲ್ಲಿ ಇನ್ಯಾರಿದ್ದಾರೆ ಹೇಳಿ?”

ಬುಧವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ.

ದೂರ ನಡೆಯುವಷ್ಟು ಕಾಲು ಇನ್ನೂ ಗಟ್ಟಿಯಿರಲಿಲ್ಲವಾದ್ದರಿಂದ ಬಸ್ಸು ಹತ್ತಿದರು. ಹತ್ತುತ್ತಿದ್ದಂತೆಯೇ ಡ್ರೈವರ್ ಗುರುತು ಹಿಡಿದ. “ಏನ್ ರೇಡಿಯೋ, ಎಷ್ಟು ದಿನ ಆಯ್ತಪ್ಪ. ಹೆಂಗಿದೀಯಾ?” ಎಂದ. ಇಡೀ ಬಸ್ಸು ಇವನತ್ತ ನೋಡಿದಂತಾಯಿತು. ಚೆನ್ನಾಗಿದ್ದೀನಿ ಎನ್ನಲು ಹೊರಟ, “ಚಪ್ಪಲಿ” ಎಂಬುದು ಬಾಯಿಗೆ ಬಂತು. ಅದನ್ನು ನುಂಗಿಕೊಂಡು, ಕಾಲೇಜಿಗಿಂತ ಮೊದಲಿನ ನಿಲ್ದಾಣದಲ್ಲೇ ಇಳಿದುಬಿಟ್ಟ. ಮೇಷ್ಟ್ರೂ ಹಿಂದೆಯೇ ಇಳಿದರು.

ಇಬ್ಬರೂ ಬೆಂಚಿನ ಮೇಲೆ ಕೂತರು. ರೇಡಿಯೋ ಮನೆಯ ದಿಕ್ಕಿಗೆ ಬೆರಳು ತೋರಿಸಿದ.

ಮೇಷ್ಟ್ರು ಹೇಳಿದರು: “ನನ್ನ ಶಾಲೆ, ನಾನು ಮಾತು, ಮಕ್ಕಳು ನಗು. ತುಂಬಾ ನಗು. ಇಲ್ಲಿ ನಾನು ಅಂಗಡಿ ಹೋಗು, ಬ್ರೆಡ್ ಬೇಕು. ಹೇಳಕ್ಕೆ ಭಯ. ಬ್ರೆಡ್ ಇಲ್ಲದೆ ಬಂದೆ. ಮೂರು ಸಲ.”

ರೇಡಿಯೋ ಅವರ ಮುಖ ನೋಡಿದ. “ಬ್ರೆಡ್ಡಿಗೆ?” ಎಂದ.

“ಬ್ರೆಡ್ಡಿಗೆ.”

“ಛೆ,” ಎಂದು ಅವನು ಎದ್ದ. ಮನೆಯ ಕಡೆಗಲ್ಲ, ಕಾಲೇಜಿನ ಕಡೆಗೆ ನಡೆದ.

ಕೂಟದ ಕೋಣೆಯಲ್ಲಿ ಮೇಜುಗಳನ್ನು ಜೋಡಿಸಿದ್ದರು. ಗೋಡೆಯ ಮೇಲೆ ಮಕ್ಕಳ ಶಾಲೆಯಲ್ಲಿರುವಂಥ ಹಣ್ಣು ತರಕಾರಿಯ ಚಿತ್ರಗಳು, ಮೂಲೆಯಲ್ಲಿ ಚಹಾದ ಫ್ಲಾಸ್ಕು. ಒಳಗೆ ಕಾಲಿಟ್ಟ ಕೂಡಲೇ ಅವನಿಗೆ ಕೇಳಿಸಿದ್ದು ಗದ್ದಲವಲ್ಲ, ಎಲ್ಲರ ತಡವರಿಕೆ. ಕೂದಲು ಕತ್ತರಿಸುವ ಕೆಲಸದ ಹುಡುಗಿಯೊಬ್ಬಳು ಪದ ಸಿಗದೆ ಬೆರಳುಗಳನ್ನೇ ಕತ್ತರಿ ಮಾಡಿ ಆಡಿಸುತ್ತಿದ್ದಳು. ದಪ್ಪ ಮೀಸೆಯವನೊಬ್ಬ ‘ಅದು... ಅದು...’ ಎನ್ನುತ್ತ ಸೂರು ನೋಡುತ್ತಿದ್ದ, ಎದುರಿಗಿದ್ದವರು ಆರಾಮವಾಗಿ ಬಿಸ್ಕತ್ತು ತಿನ್ನುತ್ತ ಕಾಯುತ್ತಿದ್ದರು. ಯಾರ ಮುಖದಲ್ಲೂ ಅಯ್ಯೋ ಪಾಪ ಎಂಬ ಭಾವವಿರಲಿಲ್ಲ. ತನಗೆ ಕಾಯಿಲೆ ಎಂದು ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎಂಬುದು ಅವನಿಗೆ ನಿಧಾನವಾಗಿ ಹೊಳೆಯಿತು. ಪರಿಚಯ ಮಾಡಿಕೊಡುವವರೆಗೆ ಇವನೂ ಎಲ್ಲಿಂದಲೋ ಬಂದವನು ಎಂದುಕೊಂಡಾರು.

ಅವನ ಪಕ್ಕದಲ್ಲಿ ಅಜ್ಜಿಯೊಬ್ಬಳು ಕೂತಿದ್ದಳು. ಇಲ್ಲೇ ಹುಟ್ಟಿದ ಮೊಮ್ಮಗನಿಗೆ ಅವಳ ಭಾಷೆ ಬಾರದು. ಅವನ ಜೊತೆ ಮಾತಾಡಲೆಂದೇ ಈ ವಯಸ್ಸಿನಲ್ಲಿ ಕಾಲೇಜು ಸೇರಿದ್ದಳು. ಹಲ್ಲಿನ ಆಸ್ಪತ್ರೆಗೆ ಯಾವ ಬಸ್ಸು ಎಂದು ಕೇಳಿದಳು.

“ಏಳು,” ಎಂದ. ಕೂಡಲೇ, “ಅಲ್ಲ. ಏಳಲ್ಲ.” ಕಣ್ಣು ಮುಚ್ಚಿದ. ಆ ರಸ್ತೆಯ ತಿರುವು, ಸೇತುವೆ, ಬಸ್ಸಿನ ಹಣೆಯ ಮೇಲಿನ ಅಂಕಿ ಎಲ್ಲ ಕಣ್ಣ ಮುಂದೆ ಬಂದವು. ಅಜ್ಜಿ ಚಹಾ ಊದಿಕೊಂಡು ಕುಡಿದಳು. ಅವಳಿಗೂ ಆತುರವಿರಲಿಲ್ಲ. “ಒಂಬತ್ತು,” ಎಂದ. “ಸೇತುವೆ. ಆಮೇಲೆ... ಇಳಿ.”

“ಒಂಬತ್ತು. ಸೇತುವೆ. ಇಳಿ,” ಎಂದು ಅಜ್ಜಿ ಒಪ್ಪಿಸಿದಳು.

ಆಮೇಲೆ ಕತ್ತರಿಯ ಹುಡುಗಿ ಬಂದಳು, ಮೀಸೆಯವನು ಬಂದ. ಒಬ್ಬೊಬ್ಬರಿಗೂ ಎಲ್ಲಿಗೋ ಹೋಗಬೇಕಿತ್ತು. ಕೂಟ ನಡೆಸುವ ಟೀಚರಮ್ಮ ಕೊನೆಯಲ್ಲಿ ಹತ್ತಿರ ಬಂದು, ಮುಂದಿನ ವಾರವೂ ಬರುತ್ತೀರಾ ಎಂದು ಕೇಳಿದಳು. ಅವನು ಉತ್ತರ ಹುಡುಕುವುದರೊಳಗೆ ಅಜ್ಜಿ ಬಾಯಿ ಹಾಕಿದಳು.

“ಬರಲಿ. ಟೀಚರ್, ನಿಮ್ಮ ಮಾತು ಓಡುತ್ತೆ. ಇವರ ಮಾತು ನಡೆಯುತ್ತೆ. ನಾನು ಹಿಂದೆ ಹೋಗಬಹುದು.”

ಟೀಚರಮ್ಮ ಮನಸಾರೆ ನಕ್ಕಳು.

ಹೀಗೆ ಬುಧವಾರ ರೂಢಿಯಾಯಿತು. ಅವನ ಮಾತು ಪೂರ್ತಿ ಮರಳಿ ಬಂತೆಂದು ಹೇಳಿದರೆ ಸುಳ್ಳಾದೀತು. ಈಗಲೂ ದಣಿದಾಗ ಚಮಚ ಬಾಗಿಲಾಗುತ್ತದೆ. ಆದರೆ ಬಾಯಿಯ ಬೀಗ ಹೋಯಿತು. ತಪ್ಪು ಪದವನ್ನು ನುಂಗುವುದು ಬಿಟ್ಟು ಅದನ್ನು ಪಕ್ಕಕ್ಕಿಟ್ಟು ಸರಿಯಾದುದನ್ನು ಹುಡುಕುವುದು ಅಭ್ಯಾಸವಾಯಿತು. ಮೇಷ್ಟ್ರು ಮೊದಲ ಸಲ ಮಾತಿನ ಪರೀಕ್ಷೆಯಲ್ಲಿ ನಪಾಸಾಗಿ ಎರಡು ದಿನ ಮುಖ ಊದಿಸಿಕೊಂಡಿದ್ದರು. ಎರಡನೇ ಸಲ ಪಾಸಾದರು. ದೂರದ ಊರಿನ ವಿಶ್ವವಿದ್ಯಾಲಯಕ್ಕೆ ಹೊರಟ ದಿನ ರೇಡಿಯೋನ ಹೆಂಡತಿ ಕಣ್ಣು ಒರೆಸಿಕೊಂಡಳು. ರೇಡಿಯೋ ಅವರ ಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು ಗೇಟಿನವರೆಗೆ ತಂದ.

“ಹೋಗ್ಬಿಟ್ಟು... ಬನ್ನಿ,” ಎಂದ.

“ನಿನ್ನೆ ಬರ್ತೀನಿ ಯಜಮಾನ್ರೇ,” ಎಂದರು ಮೇಷ್ಟ್ರು. ಬೇಕೆಂದೇ ಹಾಗೆಂದರೋ, ಬಾಯಿ ತಪ್ಪಿತೋ ಅವರಿಗೇ ಗೊತ್ತು.

ಕಳೆದ ತಿಂಗಳು ರೇಡಿಯೋಗೆ ಜ್ವರ ಬಂದು ಒಂದು ಬುಧವಾರ ಹೋಗಲಾಗಲಿಲ್ಲ. ಮಧ್ಯಾಹ್ನ ಗೇಟಿನ ಸದ್ದಾಯಿತು. ಅಜ್ಜಿ ಮುಂದೆ, ಹಿಂದೆ ಕತ್ತರಿಯ ಹುಡುಗಿ, ಮೀಸೆಯವನು, ಅವರ ಹಿಂದೆ ಹೊಸದಾಗಿ ಸೇರಿದ ನಾಲ್ಕಾರು ಮುಖಗಳು. ಕುರ್ಚಿ ಸಾಲದೆ ಅರ್ಧ ಜನ ಮಹಡಿಯ ಮೆಟ್ಟಿಲ ಮೇಲೆ ಕೂತರು. ಹೆಂಡತಿ ಲೋಟಗಳಿಗಾಗಿ ಪಕ್ಕದ ಮನೆಗೆ ಓಡಿದಳು. ಅವನು ಹೊದಿಕೆ ಹೊದ್ದುಕೊಂಡು ನಡುಮನೆಗೆ ಬಂದು ಕೂತ. ಹೊಸಬನೊಬ್ಬ ರೈಲು ನಿಲ್ದಾಣಕ್ಕೆ ದಾರಿ ಕೇಳಿದ. ದಾರಿ ಹೇಳಿ ಮುಗಿದ ಮೇಲೂ ರೇಡಿಯೋ ನಿಲ್ಲಿಸಲಿಲ್ಲ. ಅಲ್ಲಿ ಯಾವ ಅಂಗಡಿಯ ಚಹಾ ಕುಡಿಯಬಾರದು, ಯಾಕೆ ಕುಡಿಯಬಾರದು ಎಂದು ತಡವರಿಸುತ್ತ ಮುಂದುವರಿಸಿದ.

ಹೆಂಡತಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ಕಾದಳು, ಕಾದಳು.

“ಸ್ವಲ್ಪ ಉಸಿರು ತಗೊಳ್ಳಿ ರೀ,” ಎಂದಳು ಕೊನೆಗೆ. “ಚಹಾ ಆರಿಹೋಗ್ತಾ ಇದೆ.”