ಸಾವಿರದ ನಾಲ್ಕನೆಯವರು

ಇವತ್ತು ಬೆಳಿಗ್ಗೆ ಹಳೆಯ ಸರ್ವರಿನಲ್ಲಿ ಏನೇನು ಓಡುತ್ತಿದೆ ಎಂದು ಪಟ್ಟಿ ತೆಗೆದೆ. ಸಂಜೆಗೆ ಅದನ್ನು ಆಫ್ ಮಾಡಿ ಗುಜರಿಗೆ ಕಳಿಸಬೇಕಿತ್ತು. ಪಟ್ಟಿಯಲ್ಲಿ ಪ್ರತಿ ಪ್ರೋಸೆಸ್ಸಿನ, ಅಂದರೆ ಓಡುತ್ತಿರುವ ಪ್ರೋಗ್ರಾಮಿನ, ಎಡಕ್ಕೆ ಅದನ್ನು ಶುರು ಮಾಡಿದವರ ಹೆಸರಿರುತ್ತದೆ. ಒಂದು ಸಾಲಿನಲ್ಲಿ ಮಾತ್ರ ಹೆಸರಿಲ್ಲ, 1004 ಎಂಬ ಅಂಕಿ. ಆರು ವರ್ಷದಿಂದ ನಾನು ಕಣ್ಣು ತಪ್ಪಿಸಿಕೊಂಡು ಬಂದ ಅಂಕಿ... ಅದು ಭಾಯ್.

ಕಮ್ಮನಹಳ್ಳಿ ಮೇನ್ ರೋಡಿನಲ್ಲಿ, ಬೇಕರಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಸರ್ವರ್ ನೋಡಿಕೊಳ್ಳುವುದನ್ನು ನನಗೆ ಕಲಿಸಿದವರು ಭಾಯ್. ಪುಲಿಕೇಶಿನಗರದಿಂದ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆಯುವ ಮೊದಲೇ ಆ ಪಟ್ಟಿಯನ್ನು ಒಮ್ಮೆ ಓದುತ್ತಿದ್ದರು. ಗುರುತಿಲ್ಲದ ಪ್ರೋಸೆಸ್ ಕಂಡರೆ ಶುರು ಮಾಡಿದವರಿಗೆ ಫೋನು ಹೋಗಲೇಬೇಕು. ಒಮ್ಮೆ ಸಹೋದ್ಯೋಗಿಯೊಬ್ಬನನ್ನು ಅವನ ಮದುವೆಯ ಮಂಟಪದಿಂದಲೇ ಫೋನಿಗೆ ಕರೆಸಿದ್ದರು. ನಾವು ಬೆನ್ನ ಹಿಂದೆ ನಕ್ಕಿದ್ದೇ ನಕ್ಕಿದ್ದು.

"ಓಡ್ತಾ ಇದೆ ಅಂದ್ರೆ ಯಾರಿಗೋ ಬೇಕು ಅಂತ ತಾನೆ? ಕೇಳ್ದೆ ನಿಲ್ಲಿಸ್ಬೇಡ ಮಗಾ," ಎನ್ನುತ್ತಿದ್ದರು.

ಆಮೇಲೆ ಅವರ ಕಿಡ್ನಿ ಕೈಕೊಟ್ಟಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್. ಆದರೂ ಮನೆಯಿಂದಲೇ ಲಾಗಿನ್ ಆಗಿ ಪಟ್ಟಿ ನೋಡುತ್ತಿದ್ದರು. ಮತ್ತೆ ಕೆಲಸಕ್ಕೆ ಬರುತ್ತೇನೆಂದೇ ನಂಬಿದ್ದರು. ಮೂರನೇ ತಿಂಗಳು, ಆಫೀಸಿಗೆ ಬರದವರ ಲಾಗಿನ್ ಖಾತೆ ಅಳಿಸಿಹಾಕಲು ಮೇಲಿನವರು ಹೇಳಿದರು. ನಾನು ಭಾಯ್ ಖಾತೆಯನ್ನು ಅಳಿಸಲು ಹೋದೆ. ಸರ್ವರ್ ಒಪ್ಪಲಿಲ್ಲ, ಈ ಹೆಸರಿನಲ್ಲಿ ಇನ್ನೂ ಒಂದು ಪ್ರೋಸೆಸ್ ಓಡುತ್ತಿದೆ ಎಂದಿತು. ಆ ಯಂತ್ರಕ್ಕಿದ್ದಷ್ಟು ಮರ್ಯಾದೆ ನನಗಿರಲಿಲ್ಲ. ಬಲವಂತವಾಗಿ ಅಳಿಸಿ ಊಟಕ್ಕೆ ಹೋದೆ. ಒಂದು ಫೋನು ಮಾಡಿ ಕೇಳಬಹುದಿತ್ತು... ಮುಜುಗರವಾಗಿ ಮಾಡಲಿಲ್ಲ.

ಮರುದಿನ ಅವರೇ ಮಾಡಿದರು. "ಪಾಸ್‌ವರ್ಡ್ ತಗೋತಾ ಇಲ್ವಲ್ಲ ಮಗಾ, ಸ್ವಲ್ಪ ನೋಡ್ತೀಯಾ?"

"ಏನೋ ಪ್ರಾಬ್ಲಮ್ ಇರ್ಬೇಕು ಭಾಯ್, ಸಂಜೆ ನೋಡ್ತೀನಿ," ಎಂದೆ. ಹಸಿ ಸುಳ್ಳು. ಮತ್ತೆರಡು ಸಲ ಫೋನು ಬಂತು, ಎತ್ತಲಿಲ್ಲ. ಒಂಬತ್ತನೇ ದಿನ ಅವರು ಹೋಗಿಬಿಟ್ಟರು.

ಹೆಸರು ಅಳಿಸಿದರೂ ಓಡುತ್ತಿರುವುದು ನಿಲ್ಲುವುದಿಲ್ಲ, ಹೆಸರಿದ್ದ ಜಾಗದಲ್ಲಿ ಆ ಖಾತೆಯ ಅಂಕಿ ಮಾತ್ರ ಉಳಿಯುತ್ತದೆ. ಆ ಸರ್ವರನ್ನು ನಾವು ಒಮ್ಮೆಯೂ ಆಫ್ ಮಾಡಿರಲಿಲ್ಲ. ಹಾಗಾಗಿ ಭಾಯ್ ಬರೆದಿಟ್ಟ ಪುಟ್ಟ ಪ್ರೋಗ್ರಾಮು ಐದೈದು ನಿಮಿಷಕ್ಕೆ ಪಟ್ಟಿ ನೋಡಿ, "ಸಬ್ ಹಾಜಿರ್", ಎಲ್ಲರೂ ಇದ್ದಾರೆ, ಎಂದು ಒಂದು ಸಾಲು ಬರೆಯುತ್ತಲೇ ಇತ್ತು. ಕೆಲವು ದಿನ ಆ ತಣ್ಣನೆಯ ಕೋಣೆಯಲ್ಲಿ ಯಾರೋ ಹೆಲ್ಮೆಟ್ ಹಾಕಿಕೊಂಡೇ ಬೆನ್ನ ಹಿಂದೆ ನಿಂತಂತಾಗುತ್ತಿತ್ತು... ತಿರುಗಿ ನೋಡಲು ಹೆದರುತ್ತಿದ್ದೆ. ಅವರಿಗಲ್ಲ, ಅವರು ಕೇಳಬಹುದಾದ ಪ್ರಶ್ನೆಗೆ.

ಇವತ್ತು ಕೇಳದೆ ನಿಲ್ಲಿಸಲು ಕೈ ಬರಲಿಲ್ಲ. ಮಧ್ಯಾಹ್ನವೆಲ್ಲ ಉಳಿದ ಕೆಲಸ ಮುಗಿಸಿ, ಕೊನೆಗೆ ಅವರ ಮನೆಗೆ ಫೋನು ಮಾಡಿದೆ. ಅವರ ಹೆಂಡತಿ, ಭಾಬಿ, ಎತ್ತಿದರು. ಎಲ್ಲವನ್ನೂ ಹೇಳಿದೆ. ಅಂದಿನ ಸುಳ್ಳನ್ನೂ ಹೇಳಿ, ನಿಲ್ಲಿಸಲೇ ಎಂದು ಕೇಳಿದೆ.

"ಕೊನೇವರ್ಗೂ ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಕೊಂಡಿದ್ರು," ಎಂದರು. "ಮುಚ್ಚಿಡ್ಲಾ ಅಂದ್ರೆ, ಬೇಡ, ಅವನು ಸಂಜೆ ನೋಡ್ತೀನಿ ಅಂದಿದಾನೆ ಅಂತಿದ್ರು." ಆಮೇಲೆ ಮೆಲ್ಲಗೆ, "ನಿಲ್ಸಪ್ಪಾ," ಎಂದರು.

ನಿಲ್ಲಿಸಿದೆ. ಕೊನೆಯ ಸಾಲಿನಲ್ಲೂ ಸಬ್ ಹಾಜಿರ್ ಎಂದೇ ಇತ್ತು. ಪಟ್ಟಿಯನ್ನು ಇನ್ನೊಮ್ಮೆ ತೆಗೆದು ನೋಡಿದೆ, ಅವರಿರಲಿಲ್ಲ. ಕಿಟಕಿಯಾಚೆ ಸಂಜೆಯಾಗಿತ್ತು.