ಪ್ಲಾಸ್ಟಿಕ್ ಇರ್ಲಿ ಬಿಡ್ರಿ

ಕೊಲ್ಹಾಪುರಕ್ಕೆ ಹತ್ತಿದ ನಮ್ಮ ಗೋಕುಳ ಶಿರಗಾಂವದಲ್ಲಿ ಪ್ಲಾಸ್ಟಿಕ್ಕಿಗೆ ಮರ್ಯಾದೆ ಇಲ್ಲ. ಬಕೆಟ್ಟು, ಚಪ್ಪಲಿ, ಮದುವೆ ಊಟದ ಲೋಟ, ಅಷ್ಟಕ್ಕೆ ಅದು ಸರಿ. ಎತ್ತ ತಿರುಗಿದರೂ ಫೌಂಡ್ರಿ. ಬೀಡುಕಬ್ಬಿಣ ಕರಗಿಸಿ ಎರಕ ಹೊಯ್ಯುವ ಜನ ನಾವು. ಆ ಎರಕದ ತುಂಡುಗಳನ್ನು ತಂದು ಲೇಥಿಗೆ ಕಟ್ಟಿ ಅಳತೆಗೆ ಇಳಿಸುವ ಸಣ್ಣ ವರ್ಕ್‌ಶಾಪು ನನ್ನದು. ಏನಾದರೂ ಮುರಿಯಿತೆಂದರೆ ನಮ್ಮಲ್ಲಿ ಒಂದೇ ಔಷಧ: ಅದಕ್ಕಿಂತ ಗಟ್ಟಿಯಾದದ್ದನ್ನು ಮಾಡಿ ಹಾಕು. ಇಷ್ಟು ವರ್ಷ ಅದನ್ನೇ ಮಾಡಿ ಅನ್ನ ತಿಂದಿದ್ದೇನೆ. ಆದ್ದರಿಂದ ಈಗ ಹೇಳಹೊರಟ ತಪ್ಪನ್ನು ನಾನಲ್ಲದೆ ನಮ್ಮ ಪೈಕಿ ಬೇರೆ ಯಾರಿದ್ದರೂ ಮಾಡುತ್ತಿದ್ದರು ಎಂದು ಮೊದಲೇ ಹೇಳಿಬಿಡುತ್ತೇನೆ.

ಇಂಥವನ ಹೆಂಡತಿಗೆ ರಿಮೋಟ್ ಟ್ರಕ್ಕಿನ ಹುಚ್ಚು ಹತ್ತಿತು. ಅದನ್ನು ಆಟಿಕೆ ಅಂದರೆ ಆಕೆಗೆ ಸಿಟ್ಟು ನೆತ್ತಿಗೇರುತ್ತಿತ್ತು. ತೊಡೆಯ ಮೇಲಿಟ್ಟರೆ ತೊಡೆ ತುಂಬುವಷ್ಟು ದೊಡ್ಡದು, ದಪ್ಪ ಗಾಲಿ, ಬ್ಯಾಟರಿ ಹಾಕಿ ಬಿಟ್ಟರೆ ಮೋಟರ್‌ಸೈಕಲ್ಲಿಗೆ ಸರಿಗಟ್ಟಿ ಓಡುವ ಜಾತಿ. ಆಕೆಯ ತವರು ಗಡಹಿಂಗ್ಲಜ. ಒಮ್ಮೆ ಅಲ್ಲಿಗೆ ಹೊರಟಾಗ ಊರ ಹೊರಗೆ ಮುರುಮಿನ, ಅಂದರೆ ಕೆಂಪು ಗರಸಿನ, ಬಯಲಿನಲ್ಲಿ ನಾಲ್ಕು ಜನ ದೊಡ್ಡ ದೊಡ್ಡ ಗಂಡಸರು ಇಂಥ ಟ್ರಕ್ಕುಗಳನ್ನು ಓಡಿಸುತ್ತಿದ್ದರು. ಅವರ ಮುಖಂಡರು ಇಚಲಕರಂಜಿಯ ಒಬ್ಬ ನೂಲಿನ ವ್ಯಾಪಾರಿ, ಜೈನರು, ಮೆದು ಮಾತಿನವರು. ಇವಳು ಗಾಡಿ ನಿಲ್ಲಿಸಲು ಹೇಳಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ಅವರ ಹತ್ತಿರ ಹೋದಳು. “ಕೊಡ್ರಿ ಇಲ್ಲೆ, ನಾನೂ ಒಂದೀಟು ನೋಡತೇನಿ.”

ಮೊದಲ ಸುತ್ತಿನಲ್ಲೇ ಟ್ರಕ್ಕು ಮಗುಚಿ ಬಿತ್ತು. ಹೊತ್ತು ಇಳಿಯುವಷ್ಟರಲ್ಲಿ ಅಲ್ಲಿದ್ದ ಮಣ್ಣಿನ ದಿಬ್ಬ ಹತ್ತಿಸಿ ಗಾಳಿಯಲ್ಲಿ ಹಾರಿಸಿ ನಾಲ್ಕೂ ಗಾಲಿಯ ಮೇಲೆ ಇಳಿಸುತ್ತಿದ್ದಳು. ವ್ಯಾಪಾರಿ ಕೈ ಮುಗಿದು, ಅತ್ತಿಗೆ ಎಂದು ಕರೆಯುವ ಸಲುಗೆಯಲ್ಲಿ, “ವೈನೀಂಚಾ ನಾದ್ ನಾಯ್ ಕರಾಯಚಾ! ವೈನಿ ಗೊಡವಿಗೆ ಯಾರೂ ಹೋಗಬ್ಯಾಡ್ರಪ್ಪೋ” ಎಂದು ಮರಾಠಿ ಕನ್ನಡ ಎರಡರಲ್ಲೂ ಕೂಗಿದರು. ನಮಗೆ ಮಕ್ಕಳಿಲ್ಲ. ಆಕೆ ಅಷ್ಟು ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಮರುವಾರವೇ ಅಂಥದೇ ಒಂದು ಕೆಂಪು ಟ್ರಕ್ಕು ಮನೆಗೆ ಬಂತು.

ಅಲ್ಲಿಂದ ಕೆಲಸ ಹಂಚಿಕೆಯಾಯಿತು. ಆಕೆ ಓಡಿಸುವವಳು, ನಾನು ರಿಪೇರಿಯವನು. ವರ್ಕ್‌ಶಾಪು ಮುಚ್ಚಿರುವ ಸುಟ್ಟಿಯ ದಿನ ಗಡಹಿಂಗ್ಲಜಕ್ಕೆ ಹೋಗುವುದು, ನಾನು ಗಾಡಿಯಲ್ಲಿ ಕೂತು ಪೇಪರ್ ಓದುವುದು, ಸಂಜೆ ಆಕೆ ಏನಾದರೂ ಮುರಿದುಕೊಂಡು ಬರುವುದು. ಬಹಳ ಸಲ ಮುರಿಯುತ್ತಿದ್ದುದು ಆರ್ಮು. ಗಾಲಿಯನ್ನು ಚಾಸಿಗೆ, ಅಂದರೆ ಟ್ರಕ್ಕಿನ ಅಡಿಚೌಕಟ್ಟಿಗೆ, ಹಿಡಿದಿಟ್ಟು, ಶಾಕ್ ಅಬ್ಸಾರ್ಬರಿನ ಜೊತೆ ಮೇಲೆ ಕೆಳಗೆ ಆಡುವ ಪ್ಲಾಸ್ಟಿಕ್ ತೋಳು ಅದು. ಊರಿಗೆ ಬಂದವಳೇ ವರ್ಕ್‌ಶಾಪಿನ ಬೀಗ ತೆಗೆಸಿ, ನನ್ನ ಬೆಂಚಿನ ಪಕ್ಕ ಒಂದು ಸ್ಟೂಲು ಎಳೆದುಕೊಂಡು ಟಾರ್ಚು ಹಿಡಿದು ಕೂರುತ್ತಿದ್ದಳು. ಆಕೆ ತರಿಸಿಟ್ಟಿದ್ದ ಹೊಸ ಆರ್ಮಿನ ಪೊಟ್ಟಣವೊಂದನ್ನು ಗೋಡೆಯ ಮೊಳೆಯಿಂದ ಇಳಿಸಿ, ನಾನು ಪಿನ್ ಎಳೆಯುತ್ತ ಗೊಣಗುತ್ತಿದ್ದೆ.

“ಅಲ್ಯೂಮಿನಿಯಂದಾಗ ಮಾಡಿ ಕೊಡ್ತೇನಿ. ಜಲ್ಮಕ್ಕ ಮುರಿಯೂದಿಲ್ಲ.”

“ಪ್ಲಾಸ್ಟಿಕ್ ಇರ್ಲಿ ಬಿಡ್ರಿ. ಅದು ಬಾಗತೈತಿ. ಬಿದ್ದ ಪೆಟ್ಟ ಅಲ್ಲೇ ಮುಗೀತೈತಿ.”

“ಬಾಗೂದು ಏನ್ ದೊಡ್ಡಸ್ತನ? ಬಾಗೂ ಮಾಲು ನಾವು ಭಂಗಾರಕ್ಕ, ಗುಜರಿಗಿ ಒಗಿತೇವಿ.”

“ನಿಮಗ ತಿಳಿಯೂದಿಲ್ಲ. ನೀವು ಸುಮ್ಮ ಸ್ಕ್ರೂ ತಿರುವ್ರಿ.”

ಹೀಗೆ ಆ ಜಗಳ ಮುಗಿಯಲೇ ಇಲ್ಲ. ಲೋಹ ಹಾಕುತ್ತೇನೆಂದು ನಾನು, ಬೇಡವೆಂದು ಆಕೆ. ಜಗಳದ ನಡುವೆ ಊರ ಸುದ್ದಿ, ನನ್ನ ತಂಗಿಯ ಮನೆಯ ಸುದ್ದಿ, ಎಲ್ಲವೂ ಬರುತ್ತಿತ್ತು. ಮನೆಯಲ್ಲಿ ನಾನು ಊಟಕ್ಕೆ ಕೂತರೆ “ಹ್ಞೂಂ” ಬಿಟ್ಟು ಬೇರೆ ಮಾತಿಲ್ಲದ ಮನುಷ್ಯ. ಹೊಟ್ಟೆ ತುಂಬಿತೇ ಎಂದು ಕೇಳಿದರೂ “ಹ್ಞೂಂ.” ನನ್ನ ತಾಯಿ ನನ್ನನ್ನು ಬೀಡಿನ ಗುಂಡು ಅನ್ನುತ್ತಿದ್ದಳು. ಆದರೆ ಬೆಂಚಿನ ಮುಂದೆ ಅದು ಹೇಗೋ ಬಾಯಿ ಸಡಿಲಾಗುತ್ತಿತ್ತು.

ಹೋದ ವರ್ಷ ಯುಗಾದಿಯ ಮುಂದೆ ಜ್ವರವೆಂದು ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಅದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗದು. ಆಕೆಯ ತವರಿನವರು, ನೆಂಟರು ಬಂದರು, ಅತ್ತರು, ಬುತ್ತಿ ಕಟ್ಟಿಕೊಂಡು ಬಂದು ಉಣ್ಣಿಸಿದರು, ಆಮೇಲೆ ತಮ್ಮ ತಮ್ಮ ಹೊಟ್ಟೆಪಾಡಿಗೆ ಹೋದರು. ಅವರದೇನೂ ತಪ್ಪಿಲ್ಲ. ನನ್ನಂಥವನ ಎದುರು ಎಷ್ಟು ಹೊತ್ತು ಕೂರಲು ಸಾಧ್ಯ? ಕೊಲ್ಹಾಪುರದ ಮನೆಯಲ್ಲಿ ಟಿವಿ ಹಚ್ಚಿಟ್ಟು ಅದರ ಸದ್ದಿಗೆ ಊಟ ಮಾಡುವುದನ್ನು ಕಲಿತೆ. ಯಾವ ಭಾಷೆಯ ಚಾನೆಲ್ ಎಂದು ಸಹ ನೋಡುತ್ತಿರಲಿಲ್ಲ.

ಟ್ರಕ್ಕು ವರ್ಕ್‌ಶಾಪಿನ ಗೋಡೆಯ ಹಲಗೆಯ ಮೇಲೆ ಇತ್ತು. ಆಕೆ ಕೊನೆಯ ಸಲ ಓಡಿಸಿದಾಗ ಮುಂದಿನ ಬಲಗಡೆಯ ಆರ್ಮು ಮುರಿದಿತ್ತು. “ಮೈ ಕಾದೇತಿ, ನಾಳೆ ರಿಪೇರಿಗೆ ಕೂಡೂಣು” ಎಂದು ಇಟ್ಟು ಹೋಗಿದ್ದಳು. ಆ ನಾಳೆ ಬರಲಿಲ್ಲ, ನಾನೂ ಅದನ್ನು ಮುಟ್ಟಲಿಲ್ಲ.

ಈ ವರ್ಷ ಖಂಡೇನವಮಿ ಬಂತು. ಹತಾರಗಳ ಪೂಜೆಯ ದಿನ ನಮಗೆ ದೀಪಾವಳಿಗಿಂತ ದೊಡ್ಡ ಹಬ್ಬ. ಲೇಥು, ಡ್ರಿಲ್ಲು, ಪಾನಾ ಎಲ್ಲ ತೊಳೆದು ಒರೆಸಿ ಸಾಲಾಗಿಟ್ಟು ಕುಂಕುಮ ಹಚ್ಚಿ ಚೆಂಡುಹೂ ಏರಿಸುತ್ತೇವೆ. ಆಕೆ ಇರುವಾಗ ಆ ಸಾಲಿನ ತುದಿಗೆ ಟ್ರಕ್ಕನ್ನೂ ಇಡುತ್ತಿದ್ದಳು, ಕೆಲಸಗಾರರು ನಗುತ್ತಿದ್ದರು. ಈ ಸಲ ನಾನೇ ಅದನ್ನು ಇಳಿಸಿ ಇಟ್ಟೆ. ಒಂದು ಗಾಲಿ ಜೋತುಬಿದ್ದು ನೆಲಕ್ಕೆ ಒರಗಿಕೊಂಡು, ಕಾಲು ಮುರಿದ ಕರುವಿನಂತೆ ಕೂತಿತ್ತು. ಆರತಿ ಎತ್ತುವಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಕಣ್ಣಿಗೆ ಹೊಗೆ ಹೋಯಿತೆಂದು ಹೇಳಿ ಹೊರಗೆ ಬಂದು ಇಚಲಕರಂಜಿಯ ವ್ಯಾಪಾರಿಗೆ ಫೋನ್ ಮಾಡಿ, ಬಿಡಿಭಾಗಗಳು ಇನ್ನೂ ಸಿಗುತ್ತವೆಯೇ ಎಂದು ಕೇಳಿದೆ.

“ಆ ಮಾಡೆಲ್ ಕಂಪನಿಯವ್ರು ಬಂದ್ ಮಾಡ್ಯಾರ್ರಿ ಮಾಲಕ್ರ” ಎಂದರು ಅವರು. “ಆರ್ಮ್ ಹೆಂಗರ ಹೊಂದಿಸಬಹುದು. ಚಾಸಿ ಮಾತ್ರ ಜ್ವಾಕಿ. ಚಾಸಿ ಹೋತಂದ್ರ ಟ್ರಕ್ಕಽ ಹೋದಂಗ.”

ಆ ಮಾತು ನನ್ನ ಎದೆಯಲ್ಲಿ ಕೂತಿತು. ಆಕೆಯ ಸೀರೆಗಳಿವೆ, ಪಾತ್ರೆಗಳಿವೆ, ಚಪ್ಪಲಿ ಬಾಗಿಲ ಹಿಂದೆಯೇ ಇವೆ. ಆದರೆ ಅವೆಲ್ಲ ಇಟ್ಟಲ್ಲೇ ಇರುವಂಥವು. ಆಕೆಯ ಕೈಯ ವಸ್ತುಗಳಲ್ಲಿ ಇನ್ನೂ ಓಡಬಲ್ಲದ್ದು, ಸದ್ದು ಮಾಡಬಲ್ಲದ್ದು ಇದೊಂದೇ. ಇದು ಇನ್ನು ಮುರಿಯಬಾರದು ಎಂದು ತೀರ್ಮಾನಿಸಿದೆ. ಮುರಿಯಬಾರದೆಂದರೆ ನಮಗೆ ಗೊತ್ತಿರುವ ದಾರಿ ಗೊತ್ತೇ ಇದೆಯಲ್ಲ. ಪೂಜೆಯ ದಿನ ಹತಾರ ಮುಟ್ಟುವಂತಿಲ್ಲ. ದಸರೆ ಮುಗಿಯುವ ತನಕ ಕೈ ಕಟ್ಟಿ ಕೂತೆ.

ಆಮೇಲೆ ಶುರು ಮಾಡಿದೆ. ಮುರಿಯದೆ ಉಳಿದಿದ್ದ ಎಡಗಡೆಯ ಆರ್ಮನ್ನು ಬಿಚ್ಚಿ ಅಳೆದು, ಅಲ್ಯೂಮಿನಿಯಂ ಪಟ್ಟಿಯಿಂದ ನಾಲ್ಕೂ ಗಾಲಿಗೆ ಹೊಸ ಆರ್ಮು ಕಡೆದೆ. ಅಂಚು ಉಜ್ಜಿ ಪಾಲಿಶ್ ಮಾಡಿದೆ. ಎಣ್ಣೆ ತುಂಬುವ ಶಾಕ್ ಅಬ್ಸಾರ್ಬರುಗಳನ್ನು ತರಿಸಿದೆ. ಅದಕ್ಕೆ ಎಣ್ಣೆ ಹಾಕಿ ದಂಡವನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಬೇಕು. ಒಳಗಿನ ಗುಳ್ಳೆಗಳು ಒಂದೊಂದೇ ಮೇಲೆ ಬರುವವರೆಗೆ ಕಾಯಬೇಕು. ಗುಳ್ಳೆ ಉಳಿದರೆ ಗಾಲಿ ನೆಲ ಬಿಟ್ಟು ಕುಣಿಯುತ್ತದೆ. ಕಾಯುವ ಕೆಲಸ ಒಬ್ಬನೇ ಮಾಡುವುದಕ್ಕೆ ಎಷ್ಟು ಕೆಟ್ಟದ್ದೆಂದು ನನಗೆ ಆಗ ತಿಳಿಯಿತು. ಪಿನ್ನಿನ ತುದಿಗೆ ಹಾಕುವ ಕ್ಲಿಪ್ಪು ಅಕ್ಕಿಕಾಳಿನಷ್ಟು ಸಣ್ಣದು. ಅದು ಟಣ್ಣೆಂದು ಹಾರಿ ಹೋಯಿತು. ಹಾಳಾಗಿ ಹೋಗಲಿ ಎಂದು ಬೈಯುತ್ತ ಮಂಡಿಯೂರಿ ಕೂತು, ಬೆಂಚಿನ ಕೆಳಗೆ ಕೈಯಾಡಿಸುತ್ತ, “ಟಾರ್ಚ್ ಈ ಕಡೆ ಹಿಡಿ” ಅಂದೆ.

ಹಾಗೆ ಅಂದ ಮೇಲೆ ಅಲ್ಲಿಂದ ಏಳುವುದಕ್ಕೆ ಆಗಲಿಲ್ಲ. ಆಕೆಯ ಖಾಲಿ ಸ್ಟೂಲಿನ ಮೂರು ಕಾಲು ಕಣ್ಣ ಮುಂದೆಯೇ ಇದ್ದವು. ಲೋಹದ ಪುಡಿಯಲ್ಲಿ ಕೂತು ಅತ್ತೆ, ನನ್ನ ವಯಸ್ಸಿಗೆ ತಕ್ಕದ್ದಲ್ಲದ ಹಾಗೆ ಅತ್ತೆ. ಕ್ಲಿಪ್ಪು ನನ್ನ ಅಂಗಿಯ ಮಡಿಕೆಯಲ್ಲೇ ಸಿಕ್ಕಿಕೊಂಡಿತ್ತು.

ಕೂಡಿಸಿ ಮುಗಿದಾಗ ಟ್ರಕ್ಕು ಮದುಮಗನಂತೆ ನಿಂತಿತ್ತು. ಮೇಲಿಂದ ಒತ್ತಿದರೆ ನಾಲ್ಕೂ ಗಾಲಿ ಒಂದೇ ಸಮ ಇಳಿದು ಒಂದೇ ಸಮ ಏಳುತ್ತಿದ್ದವು. ಲಯ್ ಭಾರಿ, ಬಹಳ ಚೆಂದ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಇಷ್ಟು ವರ್ಷದ ಜಗಳವನ್ನು ಗೆದ್ದಿದ್ದೆ, ಸೋತವಳು ಮಾತ್ರ ಇರಲಿಲ್ಲ.

ಸುಟ್ಟಿಯ ದಿನ ಗಡಹಿಂಗ್ಲಜಕ್ಕೆ ಹೋದೆ. ಮುರುಮಿನ ಬಯಲಿನಲ್ಲಿ ವ್ಯಾಪಾರಿ ಒಬ್ಬರೇ ಇದ್ದರು. ಟ್ರಕ್ಕನ್ನು ಎತ್ತಿ ತಿರುಗಿಸಿ ನೋಡಿದರು.

“ಏನ್ ಫಿನಿಶಿಂಗ್ರಿ! ಬೆಳ್ಳಿ ಕಡಗ ಮಾಡಿದಂಗ ಮಾಡೀರಿ. ಆದ್ರ...” ಎಂದು ನಿಲ್ಲಿಸಿದರು.

“ಆದ್ರೇನ್ರಿ?”

“ಏನಿಲ್ಲ. ಸಾವಕಾಶ ಓಡಸ್ರಿ.”

ಸಾವಕಾಶ! ನನಗೆ ಓಡಿಸುವುದೇ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ಸುತ್ತ ತಿರುಗಿಸಿದೆ. ಅದೇ ಮೋಟರಿನ ಕೀರಲು ಸದ್ದು, ಅದೇ ಕೆಂಪು ಧೂಳು. ಆ ಸದ್ದು ಕೇಳಿದ ಕೂಡಲೇ ಆಕೆ ಹಾರಿಸುತ್ತಿದ್ದ ದಿಬ್ಬ ನೋಡಿ ನನ್ನ ಬೆರಳು ತಡೆಯಲಿಲ್ಲ. ಟ್ರಕ್ಕು ಹಾರಿತು, ಸೊಟ್ಟಗಾಯಿತು, ಬಯಲಿನ ಅಂಚಿನಲ್ಲಿದ್ದ ಕರಿಕಲ್ಲಿಗೆ ಮುಂದಿನ ಬಲಗಾಲಿ ಬಡಿದು ಬಿತ್ತು. ಒಣ ತೆಂಗಿನ ಚಿಪ್ಪು ಒಡೆದಂಥ ಸದ್ದು ಕೇಳಿಸಿತು.

ಓಡಿಹೋಗಿ ಎತ್ತಿಕೊಂಡೆ. ನನ್ನ ಆರ್ಮಿಗೆ ಒಂದು ಗೀರೂ ಆಗಿರಲಿಲ್ಲ. ಅದನ್ನು ಹಿಡಿದಿದ್ದ ಚಾಸಿಯ ಪ್ಲಾಸ್ಟಿಕ್ ಮೂತಿ ಮಾತ್ರ ನಡುವೆ ಸೀಳಿ, ಗೇರುಗಳು ಹೊರಗೆ ಕಾಣುತ್ತಿದ್ದವು. ಆರ್ಮು ಬಾಗಲಿಲ್ಲ, ಮುರಿಯಲಿಲ್ಲ; ಹೀಗಾಗಿ ಇಡೀ ಪೆಟ್ಟು ಒಳಗೆ ಹೋಗಿತ್ತು. ಮುರಿಯಬಾರದೆಂದು ನಾನು ಹಾಕಿದ್ದೇ ಅದನ್ನು ಮುರಿದಿತ್ತು.

“ಆಕಿನೂ ಇದನ್ನಽ ಹೇಳ್ತಿದ್ಲು” ಎಂದೆ. “ಬಾಗೂದು ಇರಬೇಕು, ಪೆಟ್ಟ ಅಲ್ಲೇ ಮುಗೀಬೇಕು ಅಂತ. ನಾ ಕೇಳಲಿಲ್ಲ.”

ವ್ಯಾಪಾರಿ ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. “ವೈನಿ ನಮ್ಮ ಮುಂದ ಬ್ಯಾರೇನ ಹೇಳ್ತಿದ್ರಲ್ರಿ” ಎಂದರು.

“ಏನು?”

“ನಾನಽ ಒಮ್ಮೆ ಕೇಳಿದ್ನಿ, ಮನ್ಯಾಗಽ ವರ್ಕ್‌ಶಾಪ್ ಐತಿ, ಗಟ್ಟಿ ಆರ್ಮ್ ಯಾಕ್ ಮಾಡಿಸ್ಕೊಳ್ಳೂದಿಲ್ಲ ವೈನಿ ಅಂತ. ಅದಕ ನಕ್ಕೋತ ಅಂದ್ರು, ‘ಮುರೀಲಿಲ್ಲಂದ್ರ ನಮ್ಮವ್ರು ನನ್ನ ಕೂಡ ಮಾತಾಡೂದು ಯಾವಾಗ? ಸ್ಕ್ರೂಡ್ರೈವರ್ ಕೈಯಾಗ ಬಂದ್ರಽ ಅವರ ಬಾಯಿ ಬಿಡತೈತಿ.’” ಅವರು ಕರಿಕಲ್ಲಿನ ಕಡೆ ಗದ್ದ ಎತ್ತಿ ತೋರಿಸಿದರು. “ಏನೂ ಮುರೀದ ದಿನ, ಮನಿಗಿ ಹೊಂಡೂ ಮುಂದ, ಹೋಗಿ ಆ ಕಲ್ಲಿಗೆ ಟ್ರಕ್ ತಾವಽ ಬಡೀತಿದ್ರು. ನಿಮಗ ಗೊತ್ತಿರಬೇಕು ಅನ್ಕೊಂಡಿದ್ನಿ.”

ನನಗೆ ಗೊತ್ತಿರಲಿಲ್ಲ. ನಾನು ಗಾಡಿಯಲ್ಲಿ ಪೇಪರ್ ಓದುತ್ತಿದ್ದೆ.

ಮರಳಿ ಬಂದು ನನ್ನ ನಾಲ್ಕೂ ಹೊಳೆಯುವ ಆರ್ಮುಗಳನ್ನು ಬಿಚ್ಚಿ ಭಂಗಾರದ ಡಬ್ಬಿಗೆ ಒಗೆದೆ. ಸೀಳಿದ ಮೂತಿಗೆ ಎರಡೂ ಕಡೆ ತೆಳುವಾದ ತಗಡು ಕೊಟ್ಟು ಸ್ಕ್ರೂ ಬಿಗಿದೆ. ನೋಡಲು ಚೆಂದವಿಲ್ಲ, ಹಿಡಿದುಕೊಂಡಿದೆ. ಆಕೆ ಮುಂಜಾಗ್ರತೆಗೆ ತರಿಸಿಟ್ಟಿದ್ದ ಪ್ಲಾಸ್ಟಿಕ್ ಆರ್ಮಿನ ಪೊಟ್ಟಣಗಳು ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದವು. ಈಗ ಗೊತ್ತಾಯಿತು, ಯಾಕೆ ಅಷ್ಟೊಂದು ತರಿಸಿದ್ದಳೆಂದು. ಅವನ್ನೇ ಬಿಚ್ಚಿ ಟ್ರಕ್ಕಿಗೆ ಕೂಡಿಸಿದೆ.

ಮುಂದಿನ ಸುಟ್ಟಿಗೆ ಮತ್ತೆ ಗಡಹಿಂಗ್ಲಜಕ್ಕೆ ಹೋದೆ. ದಿಬ್ಬದ ಗೊಡವೆಗೆ ಹೋಗಲಿಲ್ಲ, ಬಯಲಿನಲ್ಲಿ ಸುಮ್ಮನೆ ಓಡಿಸಿದೆ, ಏನೂ ಮುರಿಯಲಿಲ್ಲ. ಹೊತ್ತು ಇಳಿಯಿತು. ಹೊರಡುವ ಮುಂದೆ ಟ್ರಕ್ಕನ್ನು ಕರಿಕಲ್ಲಿನ ಎದುರಿಗೆ ತಂದು ನಿಲ್ಲಿಸಿ, ಮೆಲ್ಲಗೆ ಬಡಿದೆ. ಬಲಗಡೆಯ ಆರ್ಮು ಬಾಗಿತು, ಆಮೇಲೆ ಮುರಿಯಿತು. ವ್ಯಾಪಾರಿ ನೋಡಿಯೂ ನೋಡದವರಂತೆ ತಮ್ಮ ಬ್ಯಾಟರಿ ಬಿಚ್ಚುತ್ತಿದ್ದರು. ನಾನು ಟ್ರಕ್ಕನ್ನು ಎತ್ತಿಕೊಂಡು ಸೀದಾ ವರ್ಕ್‌ಶಾಪಿಗೆ ಬಂದು, ಬೆಂಚಿನ ಪಕ್ಕಕ್ಕೆ ಆ ಸ್ಟೂಲನ್ನೂ ಎಳೆದಿಟ್ಟು, “ಇವತ್ತ ಏನಾತು ಅಂದ್ರ...” ಎಂದು ಶುರು ಮಾಡಿದೆ.